ಮಾಳಿಗೆಯ ಬಿಸಿಲು ಮತ್ತು ತಂತಿಯ ದಪ್ಪ

ವಿಜಯಪುರದಿಂದ ಹೆದ್ದಾರಿಯನ್ನು ಹಿಡಿದು ದಕ್ಷಿಣಕ್ಕೆ ಹೊರಟು ಮನಗೂಳಿಯನ್ನು ಮುಟ್ಟುವ ಪ್ರಯಾಣಿಕನಿಗೆ ಈ ಸೀಮೆಯಲ್ಲಿ ಎರಡು ವಸ್ತುಗಳಿಗೆ ಬಡತನವಿಲ್ಲವೆಂಬುದು ದಾರಿಯಲ್ಲಿಯೇ ತಿಳಿದುಬರುತ್ತದೆ. ಒಂದು ಎರೆಯ ಭೂಮಿ, ಮತ್ತೊಂದು ಬಿಸಿಲು. ಮಳೆಯನ್ನು ನಂಬಿ ಕೆಟ್ಟವರು ಇಲ್ಲಿ ಅನೇಕರು. ಬಿಸಿಲನ್ನು ನಂಬಿ ಕೆಟ್ಟವರನ್ನು ನಾವು ಕೇಳಿಲ್ಲ. ಇಲ್ಲಿಯ ಮನೆಗಳಿಗೆ ಇಳಿಜಾರಿನ ಹೆಂಚಿನ ಸೂರಿಗಿಂತ ಸಮತಟ್ಟಾದ ಮಾಳಿಗೆಯೇ ವಾಡಿಕೆ. ಸಂಡಿಗೆ ಹಪ್ಪಳಗಳನ್ನು, ಮೆಣಸಿನಕಾಯಿಯನ್ನು, ಬೀಜದ ಜೋಳವನ್ನು ಒಣಗಿಸುವುದಕ್ಕೆ ಹಿರಿಯರು ಬಳಸುತ್ತಿದ್ದ ಆ ಮಾಳಿಗೆಯ ಮೇಲೆ ಈಗ ನೀಲಿ ಬಣ್ಣದ ಗಾಜಿನ ಫಲಕಗಳು ಏರತೊಡಗಿವೆ.

ಸೂರ್ಯನ ಬೆಳಕಿನಿಂದ ನೇರವಾಗಿ ವಿದ್ಯುಚ್ಛಕ್ತಿಯನ್ನು ಪಡೆಯುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಲೋಕಕ್ಕೆ ತೋರಿಸಿದ್ದು ೧೯೫೪ರಲ್ಲಿ. ಅಂದು ಅದು ಕೌತುಕದ ವಸ್ತು. ಇಂದು ಅದು ಗೃಹಸ್ಥನ ವಸ್ತು. ೨೦೨೪ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯು ಮೂರು ಕಿಲೋವಾಟಿನ ಮನೆ-ಸ್ಥಾವರಕ್ಕೆ ೭೮,೦೦೦ ರೂಪಾಯಿಯ ಸಹಾಯಧನವನ್ನು ಗೊತ್ತುಮಾಡಿದ ಮೇಲಂತೂ ಈ ಮಾತು ಕಟ್ಟೆಗಳ ಮೇಲೆಯೂ ಕೇಳಿಬರುತ್ತಿದೆ. ಆದರೆ ಆ ಮಾತುಗಳಿಗೆ ಕಿವಿಗೊಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಫಲಕ ಯಾವ ಕಂಪನಿಯದು, ವಾಟುಗಳೆಷ್ಟು, ಇನ್ವರ್ಟರಿಗೆ ಎಷ್ಟು ವರ್ಷದ ಭರವಸೆ, ಸಹಾಯಧನ ಯಾವಾಗ ಕೈಸೇರುವುದು ಎಂದು ಕೇಳುವವರು ಎಲ್ಲರೂ ಇದ್ದಾರೆ. ಫಲಕದಿಂದ ಇನ್ವರ್ಟರಿಗೆ, ಇನ್ವರ್ಟರಿನಿಂದ ಮೀಟರಿಗೆ ಹಾಯುವ ತಂತಿ ಎಷ್ಟು ದಪ್ಪನಾದುದು, ಎಷ್ಟು ಉದ್ದವಾದುದು, ಅದರಲ್ಲಿ ಎಷ್ಟು ಸೋರಿಹೋಗುವುದು ಎಂದು ಕೇಳುವವರು ಯಾರೂ ಇಲ್ಲ. ಮದುವೆಯ ಮಾತುಕತೆಯಲ್ಲಿ ಒಡವೆ, ವಸ್ತ್ರ, ಬೀಗರ ಉಪಚಾರ ಎಲ್ಲವನ್ನೂ ನಿಷ್ಕರ್ಷೆ ಮಾಡಿ, ಅಡಿಗೆಯವನನ್ನು ಗೊತ್ತುಮಾಡಲು ಮರೆತಂತೆ ಇದು.

ಈ ಅಲಕ್ಷ್ಯವು ಸಣ್ಣದಲ್ಲವೆಂಬುದು ನಮ್ಮ ಅಭಿಪ್ರಾಯ. ತಂತಿಯ ದಪ್ಪವನ್ನು ಲೆಕ್ಕಹಾಕುವುದಕ್ಕೆ ಇಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಹತ್ತನೆಯ ತರಗತಿಯ ವಿದ್ಯುಚ್ಛಕ್ತಿಯ ಪಾಠ ಸಾಕು. ಆದುದರಿಂದಲೇ ಈ ವಿಷಯವನ್ನು ವಿದ್ಯಾರ್ಥಿಗಳ ಮುಂದೆ ಇಡಲು ನಾವು ಬಯಸಿದ್ದೇವೆ.

ನಮ್ಮ ರೈತರಿಗೆ ಈ ಮಾತು ಹೊಸದಲ್ಲವೆಂಬುದನ್ನು ಮೊದಲೇ ಹೇಳಬೇಕು. ಕೊಳವೆಬಾವಿಯಲ್ಲಿ ಮುಳುಗುವ ಮೋಟಾರನ್ನು ಇಳಿಸುವಾಗ, ಸ್ಟಾರ್ಟರಿನ ಪೆಟ್ಟಿಗೆಯಿಂದ ಬಾವಿಯವರೆಗೆ ಎಷ್ಟು ಅಡಿ, ಬಾವಿಯೊಳಗೆ ಎಷ್ಟು ಅಡಿ ಎಂದು ಕೂಡಿಸಿ, ಇಷ್ಟು ದೂರಕ್ಕೆ ಈ ಕೇಬಲು ಸಾಲದು, ಅದಕ್ಕಿಂತ ಒಂದು ಮೇಲಿನದು ಬೇಕು ಎಂದು ಓದುಬರಹ ಬಾರದ ರೈತನೂ ಹೇಳಬಲ್ಲನು. ಸಣ್ಣ ತಂತಿಯನ್ನು ಹಾಕಿದರೆ ಮೋಟಾರು ಗುಂಯ್‌ಗುಟ್ಟುತ್ತ ಎದ್ದೇಳದೆ ಬಿಸಿಯಾಗಿ ಸುಟ್ಟುಹೋದೀತೆಂಬುದನ್ನು ಅವನು ಕಾಸು ಕೊಟ್ಟು ಕಲಿತಿದ್ದಾನೆ. ಹೊಲದಲ್ಲಿ ಇಷ್ಟು ಜಾಣನಾದ ಅದೇ ಮನುಷ್ಯನು ಊರೊಳಗೆ ತನ್ನ ಮಾಳಿಗೆಯ ಮೇಲೆ ಸ್ಥಾವರವನ್ನು ಹಾಕಿಸುವಾಗ ತಂತಿಯ ಮಾತೆತ್ತದಿರುವುದಕ್ಕೆ ಕಾರಣವಿಷ್ಟೆ: ಇಲ್ಲಿ ಯಾವುದೂ ಸುಡುವುದಿಲ್ಲ, ಗುಂಯ್‌ಗುಟ್ಟುವುದಿಲ್ಲ. ನಷ್ಟವು ಮೌನವಾಗಿ ಆಗುತ್ತಿರುತ್ತದೆ.

ಲೆಕ್ಕವನ್ನು ಈಗ ನೋಡೋಣ. ತಂತಿಯು ವಿದ್ಯುತ್ಪ್ರವಾಹಕ್ಕೆ ಒಡ್ಡುವ ರೋಧವು ಅದರ ಉದ್ದಕ್ಕೆ ಅನುಗುಣವಾಗಿ ಹೆಚ್ಚುವುದು, ಅದರ ಅಡ್ಡಕೊಯ್ತದ ಕ್ಷೇತ್ರಕ್ಕೆ ಅನುಗುಣವಾಗಿ ಕಡಿಮೆಯಾಗುವುದು. ಒಂದು ಮೀಟರು ಉದ್ದ, ಒಂದು ಚದರ ಮಿಲಿಮೀಟರು ಅಡ್ಡಕೊಯ್ತ ಉಳ್ಳ ತಾಮ್ರದ ತಂತಿಯ ರೋಧವು ೨೦ ಡಿಗ್ರಿ ಉಷ್ಣತೆಯಲ್ಲಿ ೦.೦೧೭೨ ಓಮ್, ಅಲ್ಯೂಮಿನಿಯಮ್ಮಿನದು ಸುಮಾರು ೦.೦೨೮ ಓಮ್. ಈ ಎರಡು ಅಂಕಗಳನ್ನು ನೆನಪಿಟ್ಟುಕೊಂಡರೆ ಮಿಕ್ಕುದೆಲ್ಲವೂ ಗುಣಾಕಾರ ಭಾಗಾಕಾರಗಳೇ. ರೋಧವನ್ನು ಪ್ರವಾಹದಿಂದ ಗುಣಿಸಿದರೆ ತಂತಿಯಲ್ಲಿ ಕಳೆದುಹೋಗುವ ವೋಲ್ಟು. ಅದನ್ನು ಮತ್ತೊಮ್ಮೆ ಪ್ರವಾಹದಿಂದ ಗುಣಿಸಿದರೆ ಶಾಖವಾಗಿ ಹಾಳಾಗುವ ವಾಟು. ಮೊದಲನೆಯ ನಿಯಮವನ್ನು ಜರ್ಮನಿಯ ಓಮನು ೧೮೨೭ರಲ್ಲಿ ಪ್ರಕಟಿಸಿದನು. ಎರಡನೆಯದನ್ನು ಇಂಗ್ಲೆಂಡಿನ ಜೌಲನು ೧೮೪೦ರ ಸುಮಾರಿನಲ್ಲಿ ಕಂಡುಹಿಡಿದನು.

ಇಲ್ಲಿ ಒಂದು ತೊಡಕನ್ನು ಬಿಡಿಸಬೇಕು. ಅಂಗಡಿಗಳಲ್ಲಿ ಇಂದು ತಂತಿಯನ್ನು ಚದರ ಮಿಲಿಮೀಟರಿನಲ್ಲಿ ಮಾರುತ್ತಾರೆ. ಆದರೆ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಈಗಲೂ ‘ಮೂರು ಇಪ್ಪತ್ತು’, ‘ಏಳು ಇಪ್ಪತ್ತು’ ಎಂಬ ಮಾತುಗಳಿವೆ. ಮೊದಲ ಅಂಕವು ಎಳೆಗಳ ಸಂಖ್ಯೆ. ಎರಡನೆಯದು ಎಳೆಯ ಗೇಜು. ಏಳು ಇಪ್ಪತ್ತು ಎಂದರೆ ೨೦ನೆಯ ಗೇಜಿನ ಏಳು ಎಳೆಗಳು. ಒಟ್ಟು ಸುಮಾರು ನಾಲ್ಕೂವರೆ ಚದರ ಮಿಲಿಮೀಟರು. ಗೇಜಿನ ಅಂಕ ಹೆಚ್ಚಿದಷ್ಟೂ ಎಳೆಯು ಸಣ್ಣದಾಗುವುದೆಂಬುದು ಈ ಪದ್ಧತಿಯ ವಕ್ರತೆ; ಇದನ್ನು ಕಟ್ಟಿದ ಮಹಾನುಭಾವರು ಮುಂದೆ ಲೆಕ್ಕ ಹಾಕುವವರ ಮೇಲೆ ದಯೆ ತೋರಲಿಲ್ಲ. ವ್ಯಾಸಕ್ಕೂ ಕ್ಷೇತ್ರಕ್ಕೂ ಇರುವ ಭೇದವನ್ನು ಸಹ ಮರೆಯಬಾರದು. ವ್ಯಾಸವು ಇಮ್ಮಡಿಯಾದರೆ ಕ್ಷೇತ್ರವು ನಾಲ್ಮಡಿಯಾಗುವುದು. ಕಣ್ಣಿನ ಅಂದಾಜು ಇಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಅದರಲ್ಲಿಯೂ ಮೇಲಿನ ಹೊದಿಕೆಯು ದಪ್ಪವಾಗಿದ್ದರೆ ಹೇಳಬೇಕಾದುದೇ ಇಲ್ಲ.

ವೋಲ್ಟು ಕಡಿಮೆಯಿರುವಲ್ಲಿ ತಂತಿಯ ದಪ್ಪಕ್ಕೆ ಎಷ್ಟು ಮಹತ್ತ್ವ ಬರುವುದೆಂಬುದಕ್ಕೆ ಒಂದು ಉದಾಹರಣೆ ಸಾಕು. ೧೯೯೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆಯಂಥವು ಕರ್ನಾಟಕದ ಹಳ್ಳಿಗಳಿಗೆ ಒಯ್ದ ಸೌರ ದೀಪಗಳ ಕಾಲದಿಂದ ೧೨ ವೋಲ್ಟಿನ ಬ್ಯಾಟರಿಯು ಅನೇಕ ಮನೆಗಳಿಗೆ ಪರಿಚಿತವಾಗಿದೆ. ಅಂಥ ಬ್ಯಾಟರಿಯಿಂದ ಹತ್ತು ಮೀಟರು ದೂರದಲ್ಲಿ ೨೦೦ ವಾಟಿನಷ್ಟು ದೀಪ ಬೀಸಣಿಗೆಗಳನ್ನು ನಡೆಸಬೇಕೆನ್ನೋಣ. ಪ್ರವಾಹವು ೧೬.೭ ಆಂಪಿಯರು. ಹೋಗುವ ತಂತಿ ಬರುವ ತಂತಿ ಸೇರಿ ಉದ್ದ ೨೦ ಮೀಟರು. ಎರಡೂವರೆ ಚದರ ಮಿಲಿಮೀಟರಿನ ತಾಮ್ರವಾದರೆ ರೋಧವು ೦.೧೩೮ ಓಮ್. ಕಳೆದುಹೋಗುವುದು ೨.೩ ವೋಲ್ಟು, ಎಂದರೆ ಹನ್ನೆರಡರಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು. ೩೮ ವಾಟುಗಳು ಗೋಡೆಯನ್ನು ಬೆಚ್ಚಗೆ ಮಾಡುವುದಕ್ಕೆ ವೆಚ್ಚವಾಗುವುವು. ಅದೇ ೨೦೦ ವಾಟನ್ನು ಅದೇ ತಂತಿಯಲ್ಲಿ ೨೪೦ ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹವು ಇಪ್ಪತ್ತನೆಯ ಒಂದು ಪಾಲಾಗುವುದು. ಶಾಖವು ನಾನೂರನೆಯ ಒಂದು ಪಾಲಿಗಿಳಿದು ಒಂದು ವಾಟಿನ ಹತ್ತನೆಯ ಭಾಗವೂ ಆಗದು.

ಈ ವರ್ಗದ ನಿಯಮವೇ ವಿದ್ಯುತ್ತಿನ ಇತಿಹಾಸವನ್ನು ನಡೆಸಿದೆ. ನ್ಯೂಯಾರ್ಕಿನಲ್ಲಿ ೧೮೮೨ರಲ್ಲಿ ಎಡಿಸನ್ನನು ಕಟ್ಟಿದ ವಿದ್ಯುದಾಗಾರವು ೧೧೦ ವೋಲ್ಟಿನದು. ತಾಮ್ರದ ಬೆಲೆಗೆ ಅಂಜಿ ಅದು ತನ್ನ ಸುತ್ತಲಿನ ಕೆಲವು ಬೀದಿಗಳನ್ನು ಬಿಟ್ಟು ಆಚೆಗೆ ಹೋಗಲಾರದಾಯಿತು. ಅದಾದ ಇಪ್ಪತ್ತು ವರ್ಷಕ್ಕೆ, ೧೯೦೨ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳುಹಿಸಿದುದರಿಂದಲೇ ಅದು ಸಾಧ್ಯವಾಯಿತು. ಇಂದು ಬಸವನ ಬಾಗೇವಾಡಿಯ ಸೀಮೆಯಲ್ಲಿಯೇ ಇರುವ ಕೂಡಗಿಯ ೨,೪೦೦ ಮೆಗಾವಾಟಿನ ಶಾಖ ವಿದ್ಯುದಾಗಾರದಿಂದ ಹೊರಡುವ ತಂತಿಗಳಲ್ಲಿ ಒತ್ತಡವು ನಾಲ್ಕು ಲಕ್ಷ ವೋಲ್ಟು. ಮನೆಯ ಮಾಳಿಗೆಯ ಮೇಲೆ ಅಂಥ ಉಪಾಯಕ್ಕೆ ಎಡೆಯಿಲ್ಲ. ಅಲ್ಲಿ ನಮ್ಮ ಕೈಯಲ್ಲಿರುವುದು ತಂತಿಯ ದಪ್ಪ, ತಂತಿಯ ಉದ್ದ, ಇವೆರಡೇ.

ಮನಗೂಳಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಾಳಿಗೆಯ ಮೇಲೆ ೫೪೦ ವಾಟಿನ ಆರು ಫಲಕಗಳನ್ನು ಒಂದರ ಬಾಲಕ್ಕೆ ಒಂದರಂತೆ ಸರಣಿಯಲ್ಲಿ ಜೋಡಿಸಿದೆ. ಇಂಥ ಒಂದೊಂದು ಫಲಕವೂ ಪೂರ್ಣ ಬಿಸಿಲಿನಲ್ಲಿ ಸುಮಾರು ೪೧.೫ ವೋಲ್ಟು, ೧೩ ಆಂಪಿಯರು ಕೊಡಬಲ್ಲುದು. ಸರಣಿಯಾದುದರಿಂದ ವೋಲ್ಟು ಕೂಡುತ್ತ ಹೋಗಿ ೨೪೯ ಆಗುವುದು; ಪ್ರವಾಹವು ಮಾತ್ರ ೧೩ ಆಂಪಿಯರೇ. ಫಲಕದಿಂದ ಇನ್ವರ್ಟರಿಗೆ ೨೦ ಮೀಟರು. ಸುತ್ತು ಸೇರಿ ೪೦. ನಾಲ್ಕು ಚದರ ಮಿಲಿಮೀಟರಿನ ತಂತಿಯಲ್ಲಿ ರೋಧ ೦.೧೭೨ ಓಮ್, ಕಳೆಯುವುದು ೨.೨ ವೋಲ್ಟು, ೨೯ ವಾಟು. ಶೇಕಡ ಒಂದಕ್ಕೂ ಕಡಿಮೆ. ಆರು ಚದರ ಮಿಲಿಮೀಟರಾದರೆ ೧೯ ವಾಟು. ಎರಡೂವರೆಯದಾದರೆ ೪೬ ವಾಟು, ಶೇಕಡ ೧.೪.

ಇದನ್ನು ನೋಡಿದ ಜಾಣ ವಿದ್ಯಾರ್ಥಿಯು, ಶೇಕಡ ಒಂದೂ ಒಂದೂವರೆಗೆ ಇಷ್ಟು ಗದ್ದಲವೇಕೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಉತ್ತರವು ಮೂರು ಕಡೆಗಳಲ್ಲಿದೆ. ಮೂರೂ ಒಂದೇ ತೂಕದವಲ್ಲ.

ಮೊದಲನೆಯದು ಉಷ್ಣತೆ. ಮೇಲೆ ನಾವು ಹಿಡಿದ ಅಂಕವು ೨೦ ಡಿಗ್ರಿಗೆ ಸಂಬಂಧಪಟ್ಟುದು. ಮನಗೂಳಿಯ ಏಪ್ರಿಲ್ ತಿಂಗಳ ಮಾಳಿಗೆಯ ಮೇಲೆ ೨೦ ಡಿಗ್ರಿಯನ್ನು ಹುಡುಕುವುದು ಮೊಲದ ಕೊಂಬನ್ನು ಹುಡುಕಿದಂತೆ. ಗಾಳಿಯೇ ೪೦ನ್ನು ದಾಟಿರುವಾಗ ಫಲಕದ ಬೆನ್ನೂ ಗಚ್ಚಿನ ಮೈಯೂ ೬೦ನ್ನು ಮೀರುವುವು. ತಾಮ್ರದ ರೋಧವು ಡಿಗ್ರಿಗೆ ಶೇಕಡ ೦.೩೯ರಂತೆ ಏರುತ್ತದೆ, ತಂತಿಯು ೭೦ ಡಿಗ್ರಿಗೆ ಬಂದರೆ ನಷ್ಟವು ಐದನೆಯ ಒಂದು ಪಾಲಿನಷ್ಟು ಹೆಚ್ಚುವುದು. ಆದರೆ ಹೆಚ್ಚಿನ ಕೇಡು ತಾಮ್ರಕ್ಕಲ್ಲ, ಅದರ ಹೊದಿಕೆಗೆ. ಮನೆಯ ಗೋಡೆಯೊಳಗೆ ಹಾಕುವ ಸಾಮಾನ್ಯ ಪಿ.ವಿ.ಸಿ. ತಂತಿಯು ೭೦ ಡಿಗ್ರಿಯನ್ನು ಮೀರಬಾರದು. ಸುತ್ತಲೇ ೬೦ ಡಿಗ್ರಿಯಿದ್ದರೆ ಅದಕ್ಕೆ ತಾನಾಗಿ ಬಿಸಿಯಾಗಲು ಉಳಿದ ಅವಕಾಶ ಹತ್ತೇ ಡಿಗ್ರಿ. ೩೦ ಡಿಗ್ರಿಯ ಕೋಣೆಯಲ್ಲಿ ಅದು ಹೊರಬಲ್ಲ ಪ್ರವಾಹದ ಅರ್ಧವನ್ನು ಮಾತ್ರ ಇಲ್ಲಿ ಹೊರಬಲ್ಲುದು. ಇದರ ಮೇಲೆ ಬಿಸಿಲಿನ ನೇರಳಾತೀತ ಕಿರಣಗಳು ಅದನ್ನು ಕೆಲವೇ ವರ್ಷಗಳಲ್ಲಿ ಬಿರುಕುಬಿಡಿಸುವುವು. ಸೌರ ಸ್ಥಾವರಕ್ಕೆಂದೇ ಮಾಡಿದ ತಂತಿಯ ಹೊದಿಕೆಯು ಬೇರೆ ಜಾತಿಯದು. ೯೦ ಡಿಗ್ರಿಯನ್ನು ಸಲೀಸಾಗಿ ತಡೆಯುವುದು. ನಾಲ್ಕು ಚದರ ಮಿಲಿಮೀಟರಿನ ಅಂಥ ತಂತಿಯು ೬೦ ಡಿಗ್ರಿಯ ಗಾಳಿಯಲ್ಲಿ ೫೫ ಆಂಪಿಯರನ್ನು ಹೊರಬಲ್ಲುದು. ನಮಗೆ ಬೇಕಾದ ಹದಿಮೂರು ಅದಕ್ಕೆ ಲೆಕ್ಕಕ್ಕಿಲ್ಲ. ಎರಡೂ ತಾಮ್ರವೇ, ಎರಡೂ ಕಪ್ಪು ಕೆಂಪೇ ಎಂದು ಒಂದರ ಬದಲಿಗೆ ಮತ್ತೊಂದನ್ನು ಎಳೆದುಬಿಡುವ ಅಭ್ಯಾಸವನ್ನು ನಾವು ಖಂಡಿಸುತ್ತೇವೆ.

ಎರಡನೆಯದು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕುದು; ಪಾಠದಲ್ಲಿ ಕಲಿತುದಕ್ಕೆ ಇದು ತಲೆಕೆಳಗಾಗಿ ಕಾಣುತ್ತದೆ. ಮನೆಯ ಸಾಮಾನ್ಯ ಸರ್ಕೀಟಿನಲ್ಲಿ ಎರಡು ತಂತಿಗಳು ಒಂದನ್ನೊಂದು ತಾಗಿದರೆ ನೂರಾರು ಆಂಪಿಯರು ನುಗ್ಗಿ ಫ್ಯೂಸು ಕರಗುವುದು; ತಂತಿ ಉಳಿಯುವುದು. ಫ್ಯೂಸು ಕಾಯುವುದು ತಂತಿಯನ್ನು ಎಂಬುದೇ ಅದರ ತತ್ತ್ವ. ಸೌರ ಫಲಕದಲ್ಲಿ ಹೀಗಲ್ಲ. ಬೆಳಕು ಎಷ್ಟು ಎಲೆಕ್ಟ್ರಾನುಗಳನ್ನು ಬಿಡಿಸಿಕೊಡುವುದೋ ಅಷ್ಟೇ ಪ್ರವಾಹ. ಬಾಯಿಗೆ ಬಾಯಿ ಕೂಡಿಸಿದರೂ ಅದು ಅದಕ್ಕಿಂತ ಹೆಚ್ಚು ಕೊಡಲಾರದು. ನಾವು ಹೇಳಿದ ಫಲಕವು ದುಡಿಯುವಾಗ ೧೩ ಆಂಪಿಯರು ಕೊಟ್ಟರೆ, ತಂತಿಗಳು ಕೂಡಿಕೊಂಡಾಗ ಕೊಡುವುದು ಹದಿನಾಲ್ಕರಷ್ಟು ಮಾತ್ರ. ಈ ಒಂದು ಆಂಪಿಯರಿನ ಅಂತರವನ್ನು ಯಾವ ಫ್ಯೂಸು ಗುರುತಿಸೀತು? ಸರಣಿಯು ಒಂದೇ ಆಗಿದ್ದಾಗ ಫ್ಯೂಸು ಕರಗುವುದೇ ಇಲ್ಲ. ಸೂರ್ಯನು ಮುಳುಗುವವರೆಗೆ ಆ ಪ್ರವಾಹವು ಹರಿಯುತ್ತಲೇ ಇರುವುದು. ಆದುದರಿಂದ ಇಲ್ಲಿ ತಂತಿಯು ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ಕೂಡುಪ್ರವಾಹದ ಒಂದೂಕಾಲು ಪಟ್ಟನ್ನು, ನಮ್ಮ ಉದಾಹರಣೆಯಲ್ಲಿ ಸುಮಾರು ಹದಿನೇಳೂವರೆ ಆಂಪಿಯರನ್ನು, ಮಾಳಿಗೆಯ ಕಾವಿನಲ್ಲಿಯೇ, ಎಷ್ಟು ಹೊತ್ತಾದರೂ ಹೊರಬಲ್ಲ ತಂತಿಯನ್ನೇ ಆರಿಸಬೇಕೆಂಬ ವಾಡಿಕೆಯು ಇದರಿಂದ ಬಂದುದು. ಮೋಡದ ಅಂಚಿನಿಂದ ಬೆಳಕು ಪ್ರತಿಫಲಿಸಿ ಬಿಸಿಲು ಕೆಲವು ಕ್ಷಣ ಮಾಮೂಲಿಗಿಂತ ಹೆಚ್ಚಾಗುವುದನ್ನೂ ಈ ಕಾಲು ಪಟ್ಟು ಒಳಗೊಳ್ಳುತ್ತದೆ.

ಏಕಮುಖ ಪ್ರವಾಹದ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ನಮ್ಮ ಮನೆಯ ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಸಲ ಸೊನ್ನೆಯನ್ನು ಹಾಯುವುದರಿಂದ, ಸಡಿಲವಾದ ಕೂಡಿಕೆಯಲ್ಲಿ ಹತ್ತಿದ ಕಿಡಿಗೆ ಆರುವ ಅವಕಾಶ ಮೇಲಿಂದ ಮೇಲೆ ಸಿಗುವುದು. ಫಲಕದ ಪ್ರವಾಹವು ಸೊನ್ನೆಗೆ ಇಳಿಯುವುದೇ ಇಲ್ಲ. ೨೪೯ ವೋಲ್ಟಿನ ಹತ್ತಿದ ಕಿಡಿಯು ಹಗಲೆಲ್ಲ ಉರಿದೀತು. ಬೇರೆ ಬೇರೆ ಕಂಪನಿಗಳ ಗಂಡು ಹೆಣ್ಣು ಕೂಡಿಕೆಗಳನ್ನು ಒತ್ತಿ ಸೇರಿಸುವುದು, ಎಳೆಗಳನ್ನು ಹೆಣೆದು ಅಂಟುಪಟ್ಟಿ ಸುತ್ತುವುದು, ಇವು ಗೋಡೆಯ ಸ್ವಿಚ್ಚಿನಲ್ಲಿ ಕ್ಷಮಿಸಬಹುದಾದ ತಪ್ಪುಗಳೂ ಅಲ್ಲ. ಮಾಳಿಗೆಯ ಮೇಲೆ ಅವು ಅಪರಾಧಗಳು.

ಮೂರನೆಯದೇ ನಮ್ಮ ಮುಖ್ಯ ಮಾತು. ಇದು ಇನ್ವರ್ಟರಿನಿಂದ ಮೀಟರಿಗೆ ಹೋಗುವ ತಂತಿಯನ್ನು ಕುರಿತದ್ದು. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನದಲ್ಲಿ ಸ್ಥಾವರದ ಶಕ್ತಿಯೆಲ್ಲವೂ ಹೊರಗೆ ಬೀದಿಯ ತಂತಿಗೆ ಹರಿಯಬೇಕು. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ, ಇನ್ವರ್ಟರಿನ ವೋಲ್ಟು ಬೀದಿಯ ವೋಲ್ಟಿಗಿಂತ ಮೇಲಿದ್ದರೆ ಮಾತ್ರ ಅದು ಹರಿದೀತು. ಎಷ್ಟು ಮೇಲೆ? ನಡುವಣ ತಂತಿಯಲ್ಲಿ ಕಳೆಯುವಷ್ಟು ಮೇಲೆ. ತಂತಿಯು ತೆಳುವಾದಷ್ಟೂ ಇನ್ವರ್ಟರು ತನ್ನ ಒತ್ತಡವನ್ನು ಏರಿಸಿಕೊಳ್ಳಬೇಕಾಗುವುದು. ಆದರೆ ಈ ಏರಿಕೆಗೆ ಒಂದು ಮೇರೆಯುಂಟು. ೨೩೦ ವೋಲ್ಟಿನ ಶೇಕಡ ೧೧೦, ಎಂದರೆ ೨೫೩ ವೋಲ್ಟನ್ನು ಮೀರಿದೊಡನೆ ಇನ್ವರ್ಟರು ತಾನಾಗಿ ಕಳಚಿಕೊಂಡು ನಿಲ್ಲಬೇಕೆಂಬುದು ನಿಯಮ. ಇತ್ತ ಬೀದಿಯ ಸರಬರಾಜಿಗೆ ೨೩೦ರ ಮೇಲೆ ಶೇಕಡ ಆರರವರೆಗೆ, ಎಂದರೆ ಸುಮಾರು ೨೪೩.೮ ವೋಲ್ಟಿನವರೆಗೆ ಏರುವ ಹಕ್ಕಿದೆ. ಇವೆರಡರ ನಡುವೆ ಉಳಿಯುವುದು ಒಂಬತ್ತೇ ವೋಲ್ಟು. ನಮ್ಮ ತಂತಿಗಳೆಲ್ಲವೂ ಈ ಒಂಬತ್ತು ವೋಲ್ಟಿನ ಇಕ್ಕಟ್ಟಿನಲ್ಲಿ ಸಂಸಾರ ಮಾಡಬೇಕು.

ಮೂರು ಕಿಲೋವಾಟಿಗೆ ೨೫೦ ವೋಲ್ಟಿನಲ್ಲಿ ೧೨ ಆಂಪಿಯರು. ಕಂಬದಿಂದ ಮೀಟರಿಗೆ ೩೦ ಮೀಟರಿನ ನಾಲ್ಕು ಚದರ ಮಿಲಿಮೀಟರು ಅಲ್ಯೂಮಿನಿಯಮ್ ತಂತಿ ಬಂದಿದೆಯೆನ್ನೋಣ: ಸುತ್ತು ೬೦ ಮೀಟರು, ರೋಧ ೦.೪೨ ಓಮ್, ಕಳೆಯುವುದು ೫ ವೋಲ್ಟು. ಮಾಳಿಗೆಯ ಮೇಲಿನ ಇನ್ವರ್ಟರಿನಿಂದ ಕೆಳಗಿನ ಮೀಟರಿಗೆ ಇನ್ನೊಂದು ೩೦ ಮೀಟರು, ಎರಡೂವರೆ ಚದರ ಮಿಲಿಮೀಟರಿನ ತಾಮ್ರ: ರೋಧ ೦.೪೧ ಓಮ್, ಕಳೆಯುವುದು ಮತ್ತೆ ೫ ವೋಲ್ಟು. ಒಟ್ಟು ಹತ್ತು. ೨೪೩.೮ಕ್ಕೆ ಹತ್ತು ಸೇರಿದರೆ ೨೫೩.೮. ಇನ್ವರ್ಟರು ನಿಂತಿತು! ತಂತಿ ಸುಡಲಿಲ್ಲ, ಫ್ಯೂಸು ಹೋಗಲಿಲ್ಲ, ಯಂತ್ರ ಕೆಡಲಿಲ್ಲ. ಆದರೆ ಆಕಾಶದಲ್ಲಿ ಸೂರ್ಯನು ತನ್ನ ಪೂರ್ಣ ಪ್ರತಾಪದಲ್ಲಿರುವಾಗ ಮಾಳಿಗೆಯ ಸ್ಥಾವರವು ಕಣ್ಣು ಮುಚ್ಚಿಕೊಂಡಿದೆ. ನಿಮಿಷಗಳು ಕಳೆದ ಮೇಲೆ ಮತ್ತೆ ಎದ್ದು, ಮತ್ತೆ ಒತ್ತಡವೇರಿಸಿ, ಮತ್ತೆ ಬೀಳುವುದು. ಬೆಳಗ್ಗೆ ಸಂಜೆ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುವುದು. ತಿಂಗಳ ಕೊನೆಗೆ ಯೂನಿಟ್ಟು ಕಡಿಮೆ ಬಂದರೆ ಮನೆಯವರು ಫಲಕದ ಕಂಪನಿಯನ್ನು ಬಯ್ಯುವರು. ಕಂಪನಿಯವರು ಧೂಳನ್ನು ಬಯ್ಯುವರು. ತಪ್ಪು ತಂತಿಯದೆಂದು ಯಾರಿಗೂ ಹೊಳೆಯದು.

ಒಳಗಿನ ತಂತಿಯನ್ನು ಆರು ಚದರ ಮಿಲಿಮೀಟರಿಗೆ ಏರಿಸಿದರೆ ಅಲ್ಲಿ ಕಳೆಯುವುದು ಎರಡೇ ವೋಲ್ಟು. ಇನ್ವರ್ಟರು ೨೫೧ರ ಹತ್ತಿರ ನೆಮ್ಮದಿಯಾಗಿ ದುಡಿಯುವುದು. ನೆರೆಯ ಮನೆಗಳೂ ಒಂದೊಂದಾಗಿ ಫಲಕಗಳನ್ನು ಏರಿಸಿದಾಗ ಬೀದಿಯ ವೋಲ್ಟು ಮಧ್ಯಾಹ್ನದಲ್ಲಿ ಮತ್ತಷ್ಟು ಮೇಲಕ್ಕೆ ಬರುವುದು ಸಹಜ. ಮೊದಲು ಹಾಕಿಸಿದವನಿಗೆ ಇಂದು ನಡೆದ ತಂತಿಯು ಐದು ವರ್ಷದ ಮೇಲೆ ನಡೆಯಲಾರದು. ಇದರಿಂದ ಇನ್ನೊಂದು ವಿವೇಕವೂ ಹೊರಡುತ್ತದೆ: ಉದ್ದವಾದ ತಂತಿ ಅನಿವಾರ್ಯವಾದರೆ ಅದನ್ನು ಫಲಕದ ಕಡೆಗೆ ಇಟ್ಟು, ಇನ್ವರ್ಟರನ್ನು ಮೀಟರಿನ ಹತ್ತಿರಕ್ಕೆ ತರುವುದು ಲೇಸು. ಫಲಕದ ಕಡೆ ಎರಡು ವೋಲ್ಟು ಕಳೆದರೆ ಎರಡು ವೋಲ್ಟೇ ಹೋದುವು. ಮೀಟರಿನ ಕಡೆ ಅದೇ ಎರಡು ವೋಲ್ಟು ಇಡೀ ಸ್ಥಾವರವನ್ನು ನಿಲ್ಲಿಸಬಲ್ಲುದು. ಆದರೆ ಆ ಏಕಮುಖದ ತಂತಿಯು ಹೊರಗೋಡೆಯ ಮೇಲೆ ಗಟ್ಟಿಯಾದ ಕೊಳವೆಯೊಳಗೆ ಇಳಿಯಬೇಕು. ಮಲಗುವ ಕೋಣೆಯಲ್ಲಿ ಹಾಯಬಾರದು.

ಹಾಗಾದರೆ ದಪ್ಪವಾದಷ್ಟೂ ಒಳ್ಳೆಯದೆ? ಅಲ್ಲ. ಇದನ್ನು ಹೇಳದಿದ್ದರೆ ನಾವು ತಂತಿಯ ಅಂಗಡಿಯವರ ವಕೀಲರಾದೇವು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಮ್ ಥಾಮ್ಸನ್ನನು ೧೮೮೧ರಲ್ಲಿಯೇ ಈ ಪ್ರಶ್ನೆಗೆ ಉತ್ತರ ಹೇಳಿದ್ದಾನೆ. ತಾಮ್ರಕ್ಕೆ ಹಾಕಿದ ಹಣದ ವಾರ್ಷಿಕ ಬಡ್ಡಿಯೂ ತಂತಿಯಲ್ಲಿ ಹಾಳಾಗುವ ಶಕ್ತಿಯ ವಾರ್ಷಿಕ ಬೆಲೆಯೂ ಸಮನಾಗುವಲ್ಲಿ ತಂತಿಯ ಮಿತವ್ಯಯದ ದಪ್ಪವು ಇರುವುದೆಂದು ಅವನ ನಿಯಮ. ನಮ್ಮ ಮನಗೂಳಿಯ ಮನೆಗೆ ಇದನ್ನು ಹಚ್ಚಿ ನೋಡಬಹುದು. ಫಲಕದ ಕಡೆಯ ತಂತಿಯನ್ನು ನಾಲ್ಕರಿಂದ ಆರು ಚದರ ಮಿಲಿಮೀಟರಿಗೆ ಏರಿಸಿದರೆ ೪೦ ಮೀಟರಿನಲ್ಲಿ ಹೆಚ್ಚಾಗುವ ತಾಮ್ರ ಸುಮಾರು ೭೦೦ ಗ್ರಾಮು. ಬಿಸಿಲಿನ ಕಾವನ್ನು ಸೇರಿಸಿ ಲೆಕ್ಕ ಹಾಕಿದರೆ ಪೂರ್ಣ ಬಿಸಿಲಿನಲ್ಲಿ ಉಳಿಯುವುದು ೧೨ ವಾಟು. ಬಿಸಿಲು ಏರಿಳಿಯುವುದರಿಂದ, ಪೂರ್ಣ ಪ್ರವಾಹವು ದಿನಕ್ಕೆ ಮೂರೂವರೆ ಗಂಟೆ, ವರ್ಷಕ್ಕೆ ಮುನ್ನೂರು ದಿನ ಹರಿದಷ್ಟೆಂದು ಹಿಡಿದರೆ ವರ್ಷಕ್ಕೆ ಸುಮಾರು ೧೨ ಯೂನಿಟ್ಟು. ಇಪ್ಪತ್ತೈದು ವರ್ಷಕ್ಕೆ ೩೦೦. ಏಳುನೂರು ಗ್ರಾಮು ತಾಮ್ರಕ್ಕೆ ಮುನ್ನೂರು ಯೂನಿಟ್ಟು ಕೆಟ್ಟ ವ್ಯಾಪಾರವಲ್ಲ. ಆರರಿಂದ ಹತ್ತಕ್ಕೆ ಹೋದರೆ ತಾಮ್ರವು ಒಂದೂಕಾಲು ಕಿಲೋವನ್ನು ದಾಟಿ ಹೆಚ್ಚುವುದು. ಉಳಿತಾಯವು ಅದಕ್ಕಿಂತ ಕಡಿಮೆ, ವರ್ಷಕ್ಕೆ ಹತ್ತೇ ಯೂನಿಟ್ಟು. ಇಷ್ಟು ದೂರಕ್ಕೆ ಅದು ದುಂದು. ನಾಲ್ಕು ಸಾಕು, ಆರು ಒಳ್ಳೆಯದು, ಹತ್ತು ಬೇಡ. ಮೀಟರಿನ ಕಡೆಗೆ ಮಾತ್ರ ನಾಲ್ಕಕ್ಕಿಂತ ಕೆಳಗೆ ಇಳಿಯುವ ಯೋಚನೆಯನ್ನೇ ಮಾಡಬಾರದು.

ನೆಲದ ತಂತಿಯ ವಿಷಯದಲ್ಲಿ ಒಂದೆರಡು ಮಾತು ಸಾಕು. ಎರೆಯ ಮಣ್ಣು ಹಸಿಯಾಗಿದ್ದಾಗ ವಿದ್ಯುತ್ತಿಗೆ ಒಳ್ಳೆಯ ದಾರಿ. ಬೇಸಿಗೆಯಲ್ಲಿ ಅದು ಮೊಳಕೈ ಹೋಗುವಷ್ಟು ಬಿರುಕುಬಿಟ್ಟು ಹೂತ ಸರಳಿನಿಂದ ಬಿಟ್ಟುಕೊಳ್ಳುವುದು. ಮಿಂಚು ಸಿಡಿಲುಗಳ ಅಡ್ಡಮಳೆ ಬರುವುದೂ ಆ ಬೇಸಿಗೆಯ ಕೊನೆಗೇ. ಆದುದರಿಂದ ಏಪ್ರಿಲಿನಲ್ಲಿ ಆ ಗುಂಡಿಗೆ ಎರಡು ಕೊಡ ನೀರು ಹೊಯ್ಯುವ ಅಭ್ಯಾಸವು ಒಳ್ಳೆಯದು.

ಇಷ್ಟೆಲ್ಲವನ್ನೂ ಹೇಳಿದುದು ಯಾರನ್ನೂ ದೂಷಿಸಲಿಕ್ಕಲ್ಲ. ಸ್ಥಾವರವನ್ನು ಕೂಡಿಸುವವರು ದರದ ಪಟ್ಟಿಯಲ್ಲಿ ಫಲಕದ ವಾಟನ್ನೂ ಇನ್ವರ್ಟರಿನ ಹೆಸರನ್ನೂ ದಪ್ಪಕ್ಷರದಲ್ಲಿ ಬರೆದು, ತಂತಿಯನ್ನು ‘ಅಗತ್ಯವಿದ್ದಷ್ಟು’ ಎಂಬ ಒಂದು ಮಾತಿನಲ್ಲಿ ಮುಗಿಸಿದರೆ, ಹಾಗೆ ಮುಗಿಸಲು ಬಿಟ್ಟವರು ನಾವೇ. ಪೈಪೋಟಿಯ ದರದಲ್ಲಿ ಕೆಲಸ ಹಿಡಿದವನಿಗೆ ಕೈಬಿಗಿ ಮಾಡಲು ಉಳಿದ ಜಾಗ ತಂತಿಯೊಂದೇ. ಫಲಕವನ್ನು ಅವನು ಕಡಿಮೆ ಮಾಡಲಾರನು, ಮಾಡಿದರೆ ಕಂಡುಬಿಡುವುದು. ಆದುದರಿಂದ ಪ್ರತಿಯೊಂದು ದರಪಟ್ಟಿಯಲ್ಲಿಯೂ ತಂತಿಯ ಜಾತಿ, ಅಡ್ಡಕೊಯ್ತ, ಎರಡೂ ಕಡೆಯ ಉದ್ದ, ಪೂರ್ಣ ಬಿಸಿಲಿನಲ್ಲಿ ಕಳೆಯುವ ವೋಲ್ಟು ಇವು ಅಂಕಗಳಲ್ಲಿ ಇರಲೇಬೇಕೆಂದು ಗೃಹಸ್ಥರು ಪಟ್ಟುಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ. ಸಹಾಯಧನವನ್ನು ಕೊಡುವವರೂ ಈ ಪಟ್ಟಿಯನ್ನು ಕೇಳಿದರೆ ಒಳ್ಳೆಯದು.

ಗೃಹಸ್ಥನಿಗೆ ಲೆಕ್ಕ ಬಾರದೆಂಬ ಆಕ್ಷೇಪಣೆಯುಂಟು. ಮನೆಯಲ್ಲಿ ಹತ್ತನೆಯ ತರಗತಿಯ ಮಗನೋ ಮಗಳೋ ಇರುವಾಗ ಈ ಆಕ್ಷೇಪಣೆಗೆ ಬಲವಿಲ್ಲ. ಓಮನ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರಿಗೆ ಅದನ್ನು ತಮ್ಮ ಮಾಳಿಗೆಯ ಮೇಲೆ ಹಚ್ಚಿ ನೋಡುವ ಸಂದರ್ಭ ನಮ್ಮ ಶಾಲೆಗಳಲ್ಲಿ ಒದಗುವುದೇ ಅಪರೂಪ. ಊರಿನಲ್ಲಿ ಫಲಕ ಹಾಕಿಸಿದ ಒಂದು ಮನೆಯನ್ನು ಆರಿಸಿ, ಯಜಮಾನನ ಒಪ್ಪಿಗೆ ಪಡೆದು, ತಂತಿಯ ಉದ್ದವನ್ನು ಅಳೆದು, ಹೊದಿಕೆಯ ಮೇಲೆ ಅಚ್ಚಾಗಿರುವ ಅಂಕವನ್ನು ಓದಿ, ನಷ್ಟವನ್ನು ಲೆಕ್ಕಹಾಕಿ, ಮಧ್ಯಾಹ್ನ ಹನ್ನೆರಡಕ್ಕೆ ಇನ್ವರ್ಟರಿನ ಮುಖದಲ್ಲಿ ತೋರುವ ವೋಲ್ಟನ್ನೂ ಬೆಳಗಿನ ಏಳು ಗಂಟೆಯ ವೋಲ್ಟನ್ನೂ ಒಂದು ವಾರ ಬರೆದಿಟ್ಟರೆ, ಅದು ಯಾವ ಪ್ರಯೋಗಶಾಲೆಯ ಪಾಠಕ್ಕೂ ಕಡಿಮೆಯಾಗದು. ನೋಡುವುದು, ಓದುವುದು, ಅಳೆಯುವುದು ಮಾತ್ರ ವಿದ್ಯಾರ್ಥಿಯ ಕೆಲಸ. ಮುಚ್ಚಳವನ್ನು ತೆಗೆಯುವುದು, ಕೂಡಿಕೆಯನ್ನು ಕಳಚುವುದು ಪರವಾನಗಿ ಉಳ್ಳವರ ಕೆಲಸ. ಬಿಸಿಲಿರುವವರೆಗೆ ಫಲಕವು ಎಂದೂ ಆರಿರುವುದಿಲ್ಲವೆಂಬುದು ನೆನಪಿರಲಿ.

ಅಳತೆಯನ್ನು ತೆಗೆಯುವಾಗ ಟೇಪನ್ನು ನೆಲದ ಮೇಲೆ ಮಾತ್ರ ಎಳೆದರೆ ಸಾಲದು. ತಂತಿಯು ಗೋಡೆಯನ್ನೇರಿ, ಕೈಪಿಡಿ ಗೋಡೆಯನ್ನು ಸುತ್ತಿ, ಮತ್ತೆ ಇಳಿಯುವುದನ್ನೆಲ್ಲ ಸೇರಿಸಬೇಕು. ಬಂದ ಉದ್ದವನ್ನು ಎರಡರಿಂದ ಗುಣಿಸುವುದನ್ನು ನೂರರಲ್ಲಿ ತೊಂಬತ್ತು ಮಂದಿ ಮರೆಯುತ್ತಾರೆ.